ಅಜಾಗರೂಕತೆ ಯಾರದು?

ನಮ್ಮ ಕಡೆ ಕೆಲಸದ ಮನೆಯಲ್ಲಿ ಒಬ್ಬ ಸತ್ತನೆಂದರೆ ಮರುದಿನ ಬೆಳಗಾಗುವುದರೊಳಗೆ ಎರಡು ತೀರ್ಪುಗಳು ಹೊರಬಿದ್ದಿರುತ್ತವೆ. ಹಿರಿಯರದು ‘ಗ್ರಹಚಾರ’, ಓದಿದವರದು ‘ಅಜಾಗರೂಕತೆ’. ಎರಡನೆಯದು ಮೊದಲನೆಯದಕ್ಕಿಂತ ವಿವೇಕದ ಮಾತೆಂದು ನಾವು ಭಾವಿಸಿದ್ದೇವೆ. ನನಗೇನೋ ಎರಡೂ ಮಾಡುವ ಕೆಲಸ ಒಂದೇ ಎಂದು ತೋರುತ್ತದೆ. ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ಸತ್ತವನು ಎದ್ದು ಬಂದು ಉತ್ತರ ಹೇಳುವಂತಿಲ್ಲವಷ್ಟೆ.

2024ನೆಯ ಇಸವಿ ಜನವರಿ 28, ಆದಿತ್ಯವಾರ ಸಂಜೆ, ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಸಮೀಪದ ಕುಕ್ಕೇಡಿಯಲ್ಲಿ ಸುಡುಮದ್ದು ತಯಾರಿಸುವಲ್ಲಿ ಸ್ಫೋಟವಾಗಿ ಮೂವರು ತೀರಿಕೊಂಡುದು ವಾಚಕರಿಗೆ ನೆನಪಿರಬಹುದು. ವೇಣೂರಿನ ಬಾಹುಬಲಿಯ ಮಹಾಮಸ್ತಕಾಭಿಷೇಕಕ್ಕೆ ಆಗ ಇನ್ನೊಂದು ತಿಂಗಳೂ ಉಳಿದಿರಲಿಲ್ಲ. ಜಾತ್ರೆ, ನೇಮ, ಕಂಬಳಗಳ ಕಾಲವೂ ಅದೇ. ಸತ್ತವರು ನಮ್ಮ ಊರಿನವರಲ್ಲ, ಕೇರಳದಿಂದಲೂ ಹಾಸನದಿಂದಲೂ ಕೂಲಿಗೆ ಬಂದವರು. ಆದುದರಿಂದಲೋ ಏನೋ, ಮಾತು ಬೇಗನೆ ತಣ್ಣಗಾಯಿತು. ಅಂದು ಕಿಡಿ ಎಲ್ಲಿ ಹುಟ್ಟಿತೆಂಬುದನ್ನು ತಜ್ಞರಿಗೂ ನ್ಯಾಯಾಲಯಕ್ಕೂ ಬಿಡೋಣ. ನನ್ನ ಪ್ರಶ್ನೆ ಬೇರೆ. ಜಾಗರೂಕತೆ ಎಂಬುದು ಅಂಥ ಜಾಗದಲ್ಲಿ ಮನುಷ್ಯನನ್ನು ಎಷ್ಟರ ಮಟ್ಟಿಗೆ ಕಾಯಬಲ್ಲುದು?

ಕರಿಮದ್ದಿನ ನೂರು ಭಾಗದಲ್ಲಿ ಸುಮಾರು 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಉರಿಯಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ತನ್ನೊಳಗೇ ಹೊತ್ತಿರುತ್ತದೆ. ಆದುದರಿಂದ ಮುಚ್ಚಿ, ಗಾಳಿ ತಡೆದು ನಂದಿಸುವ ಉಪಾಯ ಇಲ್ಲಿ ನಡೆಯದು. ಪೆಟ್ಲುಪ್ಪಿನ ಬದಲು ಕ್ಲೋರೇಟನ್ನು ಗಂಧಕದೊಡನೆ ಬೆರೆಸಿದರಂತೂ ತಿಕ್ಕಾಟ ಮಾತ್ರದಿಂದಲೇ ಹೊತ್ತಿಕೊಳ್ಳಬಹುದು. ಆ ಬೆರಕೆಯನ್ನು ಭಾರತದಲ್ಲಿ 1992ರಲ್ಲಿಯೇ ನಿಷೇಧಿಸಿದ್ದಾರೆ. ಚಪ್ಪಲಿಯ ಮೊಳೆ ಕಲ್ಲಿಗೆ ತಾಗಿದ ಕಿಡಿ ಸಾಕು; ನೈಲಾನ್ ಅಂಗಿಯಲ್ಲಿ ಹುಟ್ಟುವ ವಿದ್ಯುತ್ತೂ ಸಾಕು. ಬೆಳಗಿನಿಂದ ಸಂಜೆಯವರೆಗೆ ಇಂಥ ಪುಡಿಯ ನಡುವೆ ಕುಳಿತು ಸಾವಿರ ಸಲ ಒಂದೇ ಕೆಲಸ ಮಾಡುವ ಕೈ ಒಂದು ಸಲ ತಪ್ಪಿಯೇ ತಪ್ಪುತ್ತದೆ. ಬಲ್ಲವರು ಆ ಕೈಯನ್ನು ನೆಚ್ಚಿ ಕುಳಿತುಕೊಳ್ಳುವುದಿಲ್ಲ. ತಪ್ಪಿದರೂ ಹಾನಿ ಹಬ್ಬದಂತೆ ಮೊದಲೇ ಏರ್ಪಾಡು ಮಾಡುತ್ತಾರೆ: ಸಣ್ಣ ಸಣ್ಣ ಮನೆಗಳು, ಒಂದರಿಂದೊಂದು ದೂರ, ಒಂದೊಂದರಲ್ಲಿ ಬೆರಳೆಣಿಕೆಯ ಆಳುಗಳು, ಅಳೆದಷ್ಟೇ ಮದ್ದು, ತಯಾರಾದ ಮಾಲು ಆಗಿಂದಾಗಲೇ ಬೇರೆ ಉಗ್ರಾಣಕ್ಕೆ. 2008ರ ಸ್ಫೋಟಕ ನಿಯಮಗಳ ಒಳತಿರುಳೂ ಇದೇ. ನಮ್ಮ ಅಜ್ಜಂದಿರು ಬೈಹುಲ್ಲಿನ ಕುತ್ತರಿಯನ್ನು ಬಚ್ಚಲೊಲೆಯ ಹತ್ತಿರ ಕಟ್ಟಿಸಿ, ಮಕ್ಕಳೊಡನೆ ‘ಜಾಗ್ರತೆ’ ಎಂದು ಹೇಳಿ ಸುಮ್ಮನಾದವರಲ್ಲ. ಕುತ್ತರಿಯನ್ನೇ ದೂರ ಕಟ್ಟಿಸಿದರು.

ಸುಡುಮದ್ದಿನ ಮಾತು ಹಾಗಿರಲಿ, ಅದರ ಭಯವಾದರೂ ಕಣ್ಣಿಗೆ ಕಾಣುವಂಥದು. ಬಂಟ್ವಾಳದಿಂದಲೂ ಮೂಡಬಿದ್ರೆಯಿಂದಲೂ ಮುಂಜಾನೆಯ ಬಸ್ಸು ಹಿಡಿದು ಮಂಗಳೂರಿನ ಕಾರ್ಖಾನೆಗಳಿಗೆ ಹೋಗುವ ನಮ್ಮ ಅಣ್ಣತಮ್ಮಂದಿರ ಎದುರಿಗಿರುವುದು ಕಾಣದ ಶತ್ರು. 2022ರ ಏಪ್ರಿಲ್ 17ರಂದು ಮಂಗಳೂರು ವಿಶೇಷ ಆರ್ಥಿಕ ವಲಯದ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ತ್ಯಾಜ್ಯದ ತೊಟ್ಟಿಗೆ ಒಬ್ಬ ಬಿದ್ದ. ಅವನನ್ನೆತ್ತಲು ಹೋದವರೂ ಬಿದ್ದರು. ಪಶ್ಚಿಮ ಬಂಗಾಳದಿಂದ ಬಂದ ಐವರು ಕೊನೆಗೆ ಉಳಿಯಲಿಲ್ಲ. 2025ರ ಜುಲೈ 12ರಂದು ಮಂಗಳೂರಿನ ತೈಲ ಶುದ್ಧೀಕರಣ ಕೇಂದ್ರದಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಇಬ್ಬರು ಬಲಿಯಾದರು. ಕೊಳೆಯುವ ತ್ಯಾಜ್ಯದಿಂದಲೂ ಹುಟ್ಟುವ ಅನಿಲವದು. ಅಲ್ಪವಾಗಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ನಾತ ನಿಂತಿತೆಂದು ಧೈರ್ಯಗೊಳ್ಳುವ ಗಳಿಗೆಯೇ ಕೊನೆಯ ಗಳಿಗೆಯಾಗಬಹುದು. ಇಲ್ಲಿ ‘ಅಜಾಗರೂಕತೆ’ ಎಂಬ ಮಾತು ನನಗೆ ಅಸಹ್ಯವೆನಿಸುತ್ತದೆ. ಜತೆಗಾರ ಬಿದ್ದುದನ್ನು ಕಂಡು ಹಾರಿದವನು ಕರುಣಾಳು. ಒಳಗಿನ ಗಾಳಿಯನ್ನು ಮೊದಲು ಪರೀಕ್ಷಿಸಬೇಕು, ಸೊಂಟಕ್ಕೆ ಹಗ್ಗ ಬೇಕು, ಹೊರಗೊಬ್ಬ ಕಾದು ನಿಂತಿರಬೇಕು, ಉಸಿರಾಟದ ಉಪಕರಣವಿಲ್ಲದೆ ಇಳಿಯಲೇಕೂಡದು. ಇಷ್ಟನ್ನು ಅವನಿಗೆ ಅವನ ಭಾಷೆಯಲ್ಲಿ ಹೇಳಿಕೊಡಬೇಕಾದವರು ಯಾರು?

ಗೋಡೆಯ ಹೊರಗಿರುವವರಿಗೂ ಇದು ತಪ್ಪಿದ್ದಲ್ಲ. 2013ರ ಏಪ್ರಿಲ್ 9ರಂದು ಬಂಟ್ವಾಳ ತಾಲೂಕಿನ ಪೆರ್ನೆಯಲ್ಲಿ ಅಡಿಗೆ ಅನಿಲದ ಟ್ಯಾಂಕರು ಮಗುಚಿ ಹೊತ್ತಿಕೊಂಡಾಗ ಬೆಂದವರಲ್ಲಿ ಹೆದ್ದಾರಿಯ ಬದಿಯ ಮನೆಯವರೂ ಇದ್ದರು. ಆ ಅನಿಲ ಗಾಳಿಗಿಂತ ಭಾರ. ನೆಲಕ್ಕಂಟಿ ಹರಿದು ತಗ್ಗಿನ ಮನೆಯ ಒಲೆಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಇನ್ನು ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆಯ ಎಣ್ಣೆ ತಾಗಿ ಸುಲಿಯುವ ಹೆಂಗಸರ ಅಂಗೈಗಳ ವಿಚಾರ ಯಾವ ಪತ್ರಿಕೆಯ ಸುದ್ದಿಯೂ ಅಲ್ಲ. ಸ್ಫೋಟವಾಗದ್ದು ನಮಗೆ ಅಪಘಾತವಾಗಿ ಕಾಣುವುದೇ ಇಲ್ಲ.

ರಸಾಯನಶಾಸ್ತ್ರದ ಗಂಧವಿಲ್ಲದ ಕಲಾ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ನಗುವ ಮಿತ್ರರಿದ್ದಾರೆ. ಅವರು ಸ್ವಲ್ಪ ಯೋಚಿಸಲಿ. ನಾಳೆ ಪಂಚಾಯತಿನ ಗುಮಾಸ್ತೆ, ಪೋಲೀಸು, ಪತ್ರಿಕೆಯ ವರದಿಗಾರ, ದೇವಸ್ಥಾನದ ಸಮಿತಿಯ ಕಾರ್ಯದರ್ಶಿ ಆಗತಕ್ಕವರು ನಮ್ಮಂಥವರೇ. ಪರವಾನಿಗೆಯ ಕಾಗದ ಓಡಾಡುವುದು ನಮ್ಮ ಮೇಜುಗಳ ಮೇಲೆ. 1984ರಲ್ಲಿ ಭೋಪಾಲದ ದುರಂತವಾದ ಬಳಿಕ, 1987ರಲ್ಲಿ, ಕಾರ್ಖಾನೆ ಕಾಯಿದೆಗೆ ಒಂದು ಹೊಸ ಅಧ್ಯಾಯ ಸೇರಿತು: ಒಳಗಿರುವ ಅಪಾಯ ಏನೆಂಬುದನ್ನು ಕೆಲಸಗಾರರಿಗೆ ಮಾತ್ರವಲ್ಲ, ಸ್ಥಳೀಯ ಸಂಸ್ಥೆಗೂ ನೆರೆಹೊರೆಯ ಜನರಿಗೂ ತಿಳಿಸತಕ್ಕದ್ದೆಂದು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನಕ್ಕೆ ಹೊಸ ಸಂಹಿತೆ ಬಂದಿದೆ. ಈ ಮಾತು ಅದರಲ್ಲಿಯೂ ಉಳಿದಿದೆ. ಆದರೆ ವಿದ್ಯುತ್ತು ಬಳಸುವಲ್ಲಿ ಹತ್ತು ಆಳುಗಳಿದ್ದರೆ ‘ಕಾರ್ಖಾನೆ’ ಎನ್ನಿಸುತ್ತಿದ್ದುದು ಈಗ ಇಪ್ಪತ್ತಕ್ಕೇರಿದೆ. ತೋಟಗಳ ನಡುವೆ ಚದರಿದ ಸಣ್ಣಪುಟ್ಟ ಶೆಡ್ಡುಗಳೇ ಹೆಚ್ಚಾಗಿರುವ ನಮ್ಮ ತಾಲೂಕುಗಳಿಗೆ ಇದು ಹಿತವಾದ ಬದಲಾವಣೆಯೆಂದು ನನಗಂತೂ ತೋರುವುದಿಲ್ಲ. ಸಣ್ಣ ಮನೆಯೆಂದು ಮದ್ದು ಸಣ್ಣದಾಗಿ ಸಿಡಿಯುವುದಿಲ್ಲ.

ನೆರೆಯ ಊರಿನವರು ಎಷ್ಟು ಸಲ ಈ ಹಕ್ಕನ್ನು ಬಳಸಿ ಕೇಳಿದ್ದಾರೆ? ಗ್ರಾಮಸಭೆಯಲ್ಲಿ ರಸ್ತೆ, ನೀರು, ಬೀದಿದೀಪಗಳಿಗಾಗಿ ಗಂಟಲು ಹರಿಯುವಂತೆ ಕೂಗುತ್ತೇವೆ, ಅದು ಬೇಕಾದ್ದೇ. ಗುಡ್ಡದ ಆಚೆಯ ಶೆಡ್ಡಿನಲ್ಲಿ ಏನಿದೆ, ಎಷ್ಟಿದೆ, ಎಷ್ಟು ಜನರಿದ್ದಾರೆ, ಹೊತ್ತಿಕೊಂಡರೆ ಅಗ್ನಿಶಾಮಕದವರು ಎಲ್ಲಿಂದ ಬರಬೇಕು ಎಂದು ಯಾರಾದರೂ ಎದ್ದು ಕೇಳಿದರೆ ಅವನನ್ನು ತಕರಾರಿನವನೆನ್ನುತ್ತೇವೆ.

ದೂರದ ಮಾತೇಕೆ? 2024ರ ಅಕ್ಟೋಬರ್ 28ರ ನಡುರಾತ್ರಿ, ಕಾಸರಗೋಡು ಜಿಲ್ಲೆಯ ನೀಲೇಶ್ವರದ ದೈವಸ್ಥಾನವೊಂದರಲ್ಲಿ ತೆಯ್ಯದ ಉತ್ಸವ ನೋಡುತ್ತಿದ್ದ ಜನರ ಹತ್ತಿರವೇ ಪಟಾಕಿಯ ದಾಸ್ತಾನಿತ್ತು. ಹಚ್ಚಿದ ಪಟಾಕಿಯ ಕಿಡಿ ಅದರ ಮೇಲೆ ಬಿತ್ತು. ನೂರಕ್ಕಿಂತ ಹೆಚ್ಚು ಜನ ಗಾಯಗೊಂಡರು, ಆರು ಮಂದಿ ಉಳಿಯಲಿಲ್ಲ. ನಮ್ಮ ಊರುಗಳಲ್ಲಿಯೂ ದೀಪೋತ್ಸವ, ಜಾತ್ರೆಗಳು ವರ್ಷ ವರ್ಷವೂ ಬರುತ್ತವೆ. ಸುಡುಮದ್ದಿನ ಖರ್ಚನ್ನು ನಿಶ್ಚಯಿಸುವ ಸಮಿತಿಗಳಲ್ಲಿ ನಮ್ಮ ತಂದೆಯವರೂ ಮಾವಂದಿರೂ ಕುಳಿತಿರುತ್ತಾರೆ. ಎಷ್ಟು ರೂಪಾಯಿಯದೆಂದು ಲೆಕ್ಕ ಹಾಕುವ ಆ ಸಭೆಯಲ್ಲಿ, ಅದನ್ನು ತಯಾರಿಸುವವರು ಯಾರು, ತಂದ ಮೇಲೆ ಹಚ್ಚುವವರೆಗೆ ಎಲ್ಲಿ ಇಡುತ್ತೀರಿ ಎಂದು ಈ ವರ್ಷ ನಮ್ಮಲ್ಲೊಬ್ಬರು ಕೇಳಲಿ. ಉತ್ತರವನ್ನು ನಡವಳಿಯ ಪುಸ್ತಕದಲ್ಲಿ ಬರೆಯಿಸಲಿ.