ಮುಟ್ಟುವ ಮೊದಲು

ದೆಹಲಿಯ ಹೆಸರನ್ನು ಹೊತ್ತು ಜಗತ್ತು ಸುತ್ತುತ್ತಿರುವ ಸಂಗತಿಗಳಲ್ಲಿ ಒಂದು ಈ ಊರಿನವರಾದ ನಮಗೆ ಯಾರಿಗೂ ಹೆಮ್ಮೆ ತರುವಂಥದ್ದಲ್ಲ. ಅದು ಎನ್‌ಡಿಎಂ-1, ಅಂದರೆ ನ್ಯೂ ಡೆಲ್ಲಿ ಮೆಟಲೋ ಬೀಟಾ ಲ್ಯಾಕ್ಟಮೇಸ್. ಕೆಲವು ಬ್ಯಾಕ್ಟೀರಿಯಾಗಳು ತಯಾರಿಸಿಕೊಳ್ಳುವ ಕಿಣ್ವ ಇದು. ಬೇರೆ ಔಷಧಗಳು ನಾಟದಾಗ ವೈದ್ಯರು ಕೊನೆಗೆ ಕೈಹಾಕುವ ಕಾರ್ಬಪೆನೆಮ್ ಗುಂಪಿನ ಆಂಟಿಬಯೋಟಿಕ್‌ಗಳನ್ನೇ ಇದು ಮುರಿದು ಹಾಕುತ್ತದೆ. ಸ್ವೀಡನ್ನಿನಲ್ಲಿ ನೆಲೆಸಿದ್ದ ಭಾರತೀಯ ಮೂಲದ ರೋಗಿಯೊಬ್ಬರು 2007ರ ಕೊನೆಯಲ್ಲಿ ದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದರು. ಸ್ವೀಡನ್ನಿಗೆ ಮರಳಿದ ಮೇಲೆ, 2008ರ ಜನವರಿಯಲ್ಲಿ, ಅವರ ಮೂತ್ರದಲ್ಲಿ ಇಂಥ ಬ್ಯಾಕ್ಟೀರಿಯಾ ಸಿಕ್ಕಿತು. ಹೆಸರಿನ ಬಗ್ಗೆ 2010ರಲ್ಲಿ ದೊಡ್ಡ ಗಲಾಟೆಯೇ ಆಯಿತು, ಸರ್ಕಾರ ಆಕ್ಷೇಪಣೆ ಎತ್ತಿತು. 2011ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ದೆಹಲಿಯ ಕುಡಿಯುವ ನೀರಿನ 50 ಮಾದರಿಗಳಲ್ಲಿ 2ರಲ್ಲಿ, ಬೀದಿಬದಿಯಲ್ಲಿ ಜಿನುಗಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಈ ಜೀನ್ ಕಂಡುಬಂತು.

ಇದೆಲ್ಲ ಈಗ ಯಾಕೆ ಅಂತ ಕೇಳಬಹುದು. ದೆಹಲಿಯಲ್ಲಿರುವ ಕನ್ನಡಿಗರ ಮನೆಗಳಿಗೆ ಊರಿಂದ ಬರುವ ಫೋನುಗಳಲ್ಲಿ ಒಂದು ಬಗೆ ಎಲ್ಲರಿಗೂ ಗೊತ್ತು. "ಮಾವನಿಗೆ ಆಪರೇಷನ್ ಅಂತೆ, ಏಮ್ಸ್‌ನಲ್ಲಿ ತೋರಿಸಬೇಕು, ನಿಮ್ಮಲ್ಲಿ ಹದಿನೈದು ದಿನ ಇರಬಹುದಾ?" ಇರಬಹುದು ಅಂತೀವಿ, ಮೆಟ್ರೋ ದಾರಿ ಹೇಳ್ತೀವಿ, ಅನ್ನ ಸಾರು ಡಬ್ಬಿಗೆ ಹಾಕಿ ಕಳಿಸ್ತೀವಿ. ಆಪರೇಷನ್ ಚೆನ್ನಾಗಿ ಆಗುತ್ತದೋ ಇಲ್ಲವೋ ಎನ್ನುವ ಚಿಂತೆ ಎಲ್ಲರಿಗೂ ಇರುತ್ತದೆ. ಆಪರೇಷನ್ ಚೆನ್ನಾಗಿಯೇ ಆಗಿ, ಆರನೇ ದಿನ ಜ್ವರ ಬಂದು, ಹೊಲಿಗೆ ಕೀವಾಗಿ, ಹದಿನೈದು ದಿನ ಎರಡು ತಿಂಗಳಾಗುವುದನ್ನು ಮೊದಲೇ ಯೋಚಿಸುವವರು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕದಂತೆ, ನಮ್ಮಂಥ ಮಧ್ಯಮ ಹಾಗೂ ಕಡಿಮೆ ಆದಾಯದ ದೇಶಗಳಲ್ಲಿ ಆಸ್ಪತ್ರೆ ಸೇರುವ 100 ಜನರಲ್ಲಿ 15 ಜನ ಅಲ್ಲೇ ಒಂದಾದರೂ ಸೋಂಕು ಅಂಟಿಸಿಕೊಳ್ಳುತ್ತಾರೆ. ಹಾಗೆ ಅಂಟಿಸಿಕೊಂಡ 10 ಜನರಲ್ಲಿ ಒಬ್ಬರು ಸಾಯುತ್ತಾರೆ. ಕೈ ತೊಳೆಯುವಂಥ ಅಗ್ಗದ ಕ್ರಮಗಳನ್ನು ಸರಿಯಾಗಿ ಪಾಲಿಸಿದರೆ ಇಂಥ ಸೋಂಕುಗಳಲ್ಲಿ ಶೇಕಡಾ 70ರಷ್ಟನ್ನು ತಡೆಯಬಹುದು ಎಂದೂ ಅದೇ ವರದಿ ಹೇಳುತ್ತದೆ.

ಆಸ್ಪತ್ರೆಯಲ್ಲಿ ರೋಗಿಯನ್ನು ಅತಿ ಹೆಚ್ಚು ಸಲ ಮುಟ್ಟುವವರು ನರ್ಸುಗಳು. ದೊಡ್ಡ ಆಸ್ಪತ್ರೆಗಳಲ್ಲಿ ಅವರ ಜೊತೆಗೆ ಅಥವಾ ಅವರ ಬದಲಿಗೆ ಬಿಪಿ ನೋಡುವುದು, ಹಾಸಿಗೆ ಬದಲಿಸುವುದು, ಡ್ರೆಸ್ಸಿಂಗ್ ಟ್ರೇ ಹಿಡಿಯುವುದು ಹತ್ತೊಂಬತ್ತು ಇಪ್ಪತ್ತರ ನರ್ಸಿಂಗ್ ವಿದ್ಯಾರ್ಥಿನಿಯರು. ಆ ಹುಡುಗಿಯರಿಗೆ ಸೋಂಕು ತಡೆಯುವುದನ್ನು ಹೇಗೆ ಕಲಿಸುತ್ತಾರೆ ಎನ್ನುವುದು ನಮ್ಮ ಮಾವನ ಹೊಲಿಗೆಗೆ ನೇರವಾಗಿ ಸಂಬಂಧಪಟ್ಟ ವಿಷಯ.

ನಮ್ಮ ಸೊಸೈಟಿಯಲ್ಲಿ ಧಾರವಾಡ ಕಡೆಯ ಅಕ್ಕ ಒಬ್ಬರಿದ್ದಾರೆ. ಗ್ರೇಟರ್ ನೋಯ್ಡಾದ ಖಾಸಗಿ ನರ್ಸಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಾರೆ. ನನ್ನ ಕೆಲಸ ಕಂಪನಿಗಳ ಟ್ರೈನಿಂಗ್ ಸಾಫ್ಟ್‌ವೇರ್ ಬರೆಯುವುದು ಅಂತ ತಿಳಿದ ದಿನ ಲಿಫ್ಟಿನಲ್ಲೇ ಹಿಡಿದುಕೊಂಡರು. ಆನ್‌ಲೈನ್ ಕ್ವಿಜ್ ಬೇಕೇನೋ ಅಂತ ಕೇಳಿದೆ. "ಕ್ವಿಜ್ ಬ್ಯಾಡ ತಮ್ಮಾ. ಕ್ವಿಜ್‌ನಾಗ ಎಲ್ಲಾರೂ ಪಾಸ್ ಆಗ್ತಾರ. ವಾರ್ಡಿನಾಗ ಏನ್ ಮಾಡ್ತಾರ ಅನ್ನೋದು ಕಾಣಬೇಕು, ಅಂಥದ್ದೊಂದು ಮಾಡಿಕೊಡು" ಅಂದರು. ಹಾಗಾಗಿ ಅವರ ತರಗತಿಯಲ್ಲಿ ಎರಡು ಶನಿವಾರ ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ಪಠ್ಯಕ್ಕೇನೂ ಕೊರತೆಯಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಗೆಜೆಟ್ಟಿನಲ್ಲಿ ಪ್ರಕಟಿಸಿದ ಹೊಸ ಬಿಎಸ್ಸಿ ಪಠ್ಯಕ್ರಮದಲ್ಲಿ ಮೂರನೇ ಸೆಮಿಸ್ಟರಿನಲ್ಲೇ ಸೂಕ್ಷ್ಮಜೀವಿಶಾಸ್ತ್ರದ ಜೊತೆ ಸೋಂಕು ನಿಯಂತ್ರಣ ಮತ್ತು ಸುರಕ್ಷತೆ ಸೇರಿದೆ. ಕೇಂದ್ರ ಆರೋಗ್ಯ ಸಚಿವಾಲಯದ ರಾಷ್ಟ್ರೀಯ ಮಾರ್ಗಸೂಚಿ 2020ರ ಜನವರಿಯಲ್ಲಿ, ಕೋವಿಡ್ ಬಾಗಿಲು ತಟ್ಟುವ ಹೊತ್ತಿಗೆ ಸರಿಯಾಗಿ ಬಂದಿತ್ತು. ಆಸ್ಪತ್ರೆ ತ್ಯಾಜ್ಯದ 2016ರ ನಿಯಮಗಳನ್ನು ಹುಡುಗಿಯರು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ: ರಕ್ತದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ನಳಿಗೆ, ಗ್ಲೌಸು ಕೆಂಪಿಗೆ, ಸೂಜಿ ಬ್ಲೇಡು ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಉಜ್ಜಬೇಕು, ಸೋಪು ನೀರಾದರೆ 40ರಿಂದ 60. ಕೈ ಕಣ್ಣಿಗೆ ಕಾಣುವಷ್ಟು ಕೊಳೆಯಾಗಿದ್ದರೆ ಸೋಪು ನೀರೇ ಆಗಬೇಕು.

ಅಕ್ಕನ ಪಾಠ ಶುರುವಾಗುವುದು ಇದಾದ ಮೇಲೆ. ಮೊದಲು ಎಲ್ಲರ ಕೈಗೂ ಒಂದು ಲೋಷನ್ ಹಚ್ಚಿಸಿ, ಚೆನ್ನಾಗಿ ತೊಳೆದು ಬರಲು ಹೇಳಿ, ದೀಪ ಆರಿಸಿ, ನೇರಳೆ ಬೆಳಕಿನ ಲ್ಯಾಂಪಿನ ಕೆಳಗೆ ಕೈ ಒಡ್ಡಿಸುತ್ತಾರೆ. ತೊಳೆಯದೆ ಉಳಿದ ಜಾಗ ಹೊಳೆಯುತ್ತದೆ. ಬಹುತೇಕ ಎಲ್ಲರದೂ ಒಂದೇ ಕಡೆ: ಹೆಬ್ಬೆರಳು, ಬೆರಳ ತುದಿ, ಉಗುರಿನ ಸಂದಿ. ಅಂದರೆ ರೋಗಿಯನ್ನು ಮೊದಲು ಮುಟ್ಟುವ ಜಾಗವೇ. ಹೊಸದಾಗಿ ಮದುವೆಯಾದ ಹರಿಯಾಣದ ಹುಡುಗಿಯೊಬ್ಬಳು ಕೈತುಂಬ ಕೆಂಪು ಚೂಡಾ ತೊಟ್ಟಿದ್ದಳು. ತೆಗೆದರೆ ಅತ್ತೆ ಸುಮ್ಮನಿರುವುದಿಲ್ಲ. ಅಕ್ಕ ಬೈಯಲಿಲ್ಲ, ಲ್ಯಾಂಪಿನ ಕೆಳಗೆ ಬಳೆಗಳ ಸಂದಿ ತೋರಿಸಿದರು. ಪೂರ್ತಿ ಹೊಳೆಯುತ್ತಿತ್ತು. ಮುಂದಿನ ಶನಿವಾರ ಆ ಬಳೆಗಳು ಬ್ಯಾಗಿನೊಳಗಿದ್ದವು. ಡ್ಯೂಟಿ ಮುಗಿದ ಮೇಲೆ ಗೇಟಿನ ಹತ್ತಿರ ಮತ್ತೆ ತೊಟ್ಟುಕೊಳ್ಳುತ್ತಾಳಂತೆ.

ಕೈ ಹೇಗೆ ತೊಳೆಯಬೇಕು ಎನ್ನುವುದು ಹೀಗೆ ಒಂದು ದಿನದಲ್ಲಿ ಬರುತ್ತದೆ. ಯಾವಾಗ ತೊಳೆಯಬೇಕು ಎನ್ನುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಐದು ಗಳಿಗೆಗಳನ್ನು ಗುರುತಿಸಿದೆ. ರೋಗಿಯನ್ನು ಮುಟ್ಟುವ ಮೊದಲು. ಇಂಜೆಕ್ಷನ್, ಡ್ರೆಸ್ಸಿಂಗ್‌ನಂಥ ಶುದ್ಧ ಕೆಲಸದ ಮೊದಲು. ರಕ್ತ, ಮಲಮೂತ್ರಗಳ ಸಂಪರ್ಕ ಆದ ಮೇಲೆ. ರೋಗಿಯನ್ನು ಮುಟ್ಟಿದ ಮೇಲೆ. ರೋಗಿಯ ಮಂಚ, ಟೇಬಲ್ಲು, ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಎರಡು 'ಮೊದಲು', ಮೂರು 'ಮೇಲೆ'.

ಅಕ್ಕ ನನ್ನಿಂದ ಮಾಡಿಸಿದ್ದು ಇಷ್ಟೇ: ಮೊಬೈಲಿನಲ್ಲಿ ಐದು ಕಾಲಂ. ಪ್ರತಿ ಪಾಳಿಯಲ್ಲಿ ಒಬ್ಬಳು ತನ್ನ ಗುಂಪಿನವರನ್ನೇ ಗಮನಿಸಿ, ತೊಳೆದರೆ ಒಂದು ಒತ್ತು, ಬಿಟ್ಟರೆ ಇನ್ನೊಂದು. ಯಾರ ಹೆಸರೂ ಇಲ್ಲ. ತಿಂಗಳ ಕೊನೆಗೆ ನೋಡಿದರೆ 'ಮೇಲೆ' ಕಾಲಂಗಳು ತುಂಬಿದ್ದವು, 'ಮೊದಲು' ಕಾಲಂಗಳು ಸೊರಗಿದ್ದವು. ಅಕ್ಕನಿಗೆ ಆಶ್ಚರ್ಯವೇನೂ ಆಗಲಿಲ್ಲ. ಎಷ್ಟೋ ದೇಶಗಳ ಆಸ್ಪತ್ರೆಗಳಲ್ಲಿ, ಅನುಭವಸ್ಥ ವೈದ್ಯರು ನರ್ಸುಗಳಲ್ಲೂ, ಇದೇ ಕಂಡಿದೆ. ಹೇಸಿಗೆ ಮುಟ್ಟಿದ ಮೇಲೆ ತೊಳೆಯಲು ಯಾರೂ ಹೇಳಿಕೊಡಬೇಕಿಲ್ಲ, ನಮ್ಮ ಮೈಯೇ ಹೇಳುತ್ತದೆ. ಮುಟ್ಟುವ ಮೊದಲು ಕೈ ನಮಗೆ ಶುದ್ಧವಾಗಿಯೇ ಕಾಣುತ್ತದೆ. ಮೇಲೆ ತೊಳೆಯುವುದು ಮುಖ್ಯವಾಗಿ ನನ್ನನ್ನೂ ಆಮೇಲೆ ನಾನು ಮುಟ್ಟುವವರನ್ನೂ ಕಾಯುತ್ತದೆ. ಮೊದಲು ತೊಳೆಯುವುದು ಕಾಯುವುದು ಎದುರಿಗೆ ಮಲಗಿರುವವರನ್ನು.

ಇಲ್ಲಿ ನನಗೆ ಅಜ್ಜಿಯ ಅಡುಗೆಮನೆ ನೆನಪಾಯಿತು. ಮುಸುರೆ ಕೈಯಲ್ಲಿ ಮೊಸರಿನ ಪಾತ್ರೆ ಮುಟ್ಟುವಂತಿಲ್ಲ, ಒದ್ದೆ ಕೈ ಉಪ್ಪಿನಕಾಯಿ ಜಾಡಿಗೆ ಹೋಗುವಂತಿಲ್ಲ. ಸೋಂಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೈಯಲ್ಲೇ ಸಾಗುತ್ತದೆ ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಅಕ್ಕನೂ ಇದನ್ನೇ ಹಿಂದಿಯಲ್ಲಿ ಹೇಳುತ್ತಾರೆ. ಬಿಹಾರದವಳಿರಲಿ, ಕೇರಳದವಳಿರಲಿ, ಮಣಿಪುರದವಳಿರಲಿ, ಉಪ್ಪಿನಕಾಯಿ ಜಾಡಿಗೆ ಬೂಸಲು ಬಂದರೆ ತಪ್ಪು ಜಾಡಿಯದಲ್ಲ, ಕೈಯದು ಅಂತ ಎಲ್ಲರಿಗೂ ಗೊತ್ತು. "ರೋಗಿ ಅಂದ್ರ ಜಾಡಿ" ಅನ್ನುತ್ತಾರೆ. ಆದರೆ ಅದೇ ಅಜ್ಜಿಯ ಮಡಿ ಬೇರೆ. ಮಡಿಯಲ್ಲಿರುವವರು ತಮ್ಮ ಶುದ್ಧಿ ಕಾಪಾಡಿಕೊಳ್ಳಲು ಬೇರೆಯವರನ್ನು ದೂರ ಇಡುತ್ತಿದ್ದರು, ಯಾರನ್ನು ದೂರ ಇಟ್ಟರು ಎನ್ನುವುದು ನಮಗೆಲ್ಲ ಗೊತ್ತಿರುವ ಕಥೆಯೇ. ನರ್ಸಿನ ಶುದ್ಧಿ ಇದಕ್ಕೆ ಪೂರ್ತಿ ತಿರುವುಮುರುವು. ಯಾರನ್ನಾದರೂ, ಯಾವ ಸ್ಥಿತಿಯಲ್ಲಾದರೂ ಮುಟ್ಟಲು ಸಾಧ್ಯವಾಗಲಿ ಅಂತಲೇ ಅವಳು ಕೈ ತೊಳೆಯುವುದು.

ಕೋವಿಡ್ ಕಾಲದಿಂದ ಬಂದ ಇನ್ನೊಂದು ಅಭ್ಯಾಸವನ್ನು ಅಕ್ಕ ಪಟ್ಟು ಹಿಡಿದು ಬಿಡಿಸುತ್ತಿದ್ದಾರೆ. ಅದು ಗ್ಲೌಸು ತೊಟ್ಟುಕೊಂಡೇ ಓಡಾಡುವುದು. ಗ್ಲೌಸು ತೊಟ್ಟವರಿಗೆ ತಾವು ಸುರಕ್ಷಿತ ಎನ್ನುವ ಧೈರ್ಯ ಬರುತ್ತದೆ. ಅದೇ ಗ್ಲೌಸಿನಲ್ಲಿ ಫೈಲು, ಫೋನು, ಪರದೆ, ಪಕ್ಕದ ಮಂಚದ ರೋಗಿ. ಒಬ್ಬ ರೋಗಿಗೆ ಒಂದು ಜೊತೆ, ತೆಗೆದ ಕೂಡಲೇ ಮತ್ತೆ ಕೈ ತೊಳೆಯಬೇಕು.

ಇದರರ್ಥ ಕಲಿಯುವವರ ಸುರಕ್ಷತೆ ಮುಖ್ಯವಲ್ಲ ಅಂತಲ್ಲ. 2018ರ ಮೇ ತಿಂಗಳಲ್ಲಿ ಕೇರಳದ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ, ನಿಪಾ ರೋಗಿಯ ಆರೈಕೆ ಮಾಡಿ ಅದೇ ರೋಗಕ್ಕೆ ಬಲಿಯಾದರು. ಆ ಸಲ ಸೋಂಕು ಬಹುಪಾಲು ಹರಡಿದ್ದು ಆಸ್ಪತ್ರೆಗಳ ಒಳಗೇ. ಅವರ ಕಥೆಯನ್ನು ಅಕ್ಕ ಪ್ರತಿ ವರ್ಷ ಹೇಳುತ್ತಾರೆ. ಸೂಜಿ ಚುಚ್ಚಿಕೊಂಡರೆ ಹಿಂಡಬೇಡಿ, ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಿರಿ, ತಕ್ಷಣ ಬಂದು ಹೇಳಿ ಅನ್ನುತ್ತಾರೆ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಬೈತಾರೆ ಅಂತ ಮುಚ್ಚಿಡುವ ಹುಡುಗಿಯೇ ಅವರ ದೊಡ್ಡ ಭಯ.

ಇನ್ನುಳಿದದ್ದು ಎಲ್ಲಕ್ಕಿಂತ ಕಷ್ಟದ ಪಾಠ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಶವ ಕೊಯ್ದು ನೇರವಾಗಿ ಹೆರಿಗೆ ಮಾಡಿಸಲು ಬರುತ್ತಿದ್ದ ವೈದ್ಯರಿಗೆ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದರು. ಏಪ್ರಿಲಿನಲ್ಲಿ ಶೇಕಡಾ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು. ಆದರೂ ದೊಡ್ಡ ವೈದ್ಯರು ಒಪ್ಪಲಿಲ್ಲ. ನಿಮ್ಮ ಕೈ ಕೊಲ್ಲುತ್ತಿದೆ ಅಂತ ಕೇಳಿಸಿಕೊಳ್ಳಲು ಯಾರಿಗೆ ಇಷ್ಟ? ಸೆಮ್ಮೆಲ್‌ವೈಸ್ ಸ್ವತಃ ವೈದ್ಯರಾಗಿದ್ದೂ ಈ ಪಾಡು. ಎರಡನೇ ವರ್ಷದ ನರ್ಸಿಂಗ್ ಹುಡುಗಿ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರಿಗೆ "ಸರ್, ಕೈ" ಅನ್ನುವುದು ಹೇಗೆ?

ಅದಕ್ಕೆ ಅಕ್ಕನ ಉಪಾಯ ಇದೆ. "ಮಾತಾಡಬ್ಯಾಡ್ರಿ. ಬಾಟ್ಲಿ ಹಿಡಕೊಂಡು ಮುಂದ ನಿಂದರ್ರಿ. ಅವರು ಕೈ ಚಾಚಿದ್ರ ಹಾಕ್ರಿ." ತರಗತಿಯಲ್ಲಿ ಒಬ್ಬಳು ಡಾಕ್ಟರ್, ಒಬ್ಬಳು ರೋಗಿ, ಒಬ್ಬಳು ಬಾಟ್ಲಿ ಹಿಡಿಯುವವಳು. ಡಾಕ್ಟರ್ ಆದವಳು ಬೇಕೆಂದೇ ಕಣ್ಣು ಕೆಂಪು ಮಾಡುತ್ತಾಳೆ, ಬಾಟ್ಲಿಯವಳು ಹಿಂದೆ ಸರಿಯದೆ ನಿಲ್ಲಬೇಕು. ಮೊದಲ ಸಲ ಎಲ್ಲರೂ ನಕ್ಕುಬಿಟ್ಟರು, ನಾಲ್ಕನೇ ಸಲಕ್ಕೆ ಯಾರೂ ನಗಲಿಲ್ಲ. ವಾರ್ಡಿನಲ್ಲಿ ಇದು ಎಷ್ಟೋ ಸಲ ನಡೆಯುತ್ತದೆ, ಕೆಲವು ಸಲ "ಪಕ್ಕಕ್ಕೆ ನಿಲ್ಲು" ಅನ್ನಿಸಿಕೊಂಡು ಬರುತ್ತಾರೆ. ಅನ್ನಿಸಿಕೊಂಡು ಬಂದವಳಿಗೆ ಅಕ್ಕ ಚಹಾ ಕೊಡಿಸುತ್ತಾರೆ.

ನನ್ನ ಕ್ಷೇತ್ರದಲ್ಲಿ ಟ್ರೈನಿಂಗ್ ಮುಗಿಯಿತು ಅಂದರೆ ಸರ್ಟಿಫಿಕೇಟ್ ಡೌನ್‌ಲೋಡ್ ಆಯಿತು ಅಂತ ಅರ್ಥ. ಈ ಪಾಠಕ್ಕೆ ಅಂಥ ಕೊನೆಯಿಲ್ಲ. ಪ್ರತಿ ಮಂಚದ ಹತ್ತಿರ ಬಾಟ್ಲಿ ಇರಬೇಕು, ನಲ್ಲಿಯಲ್ಲಿ ನೀರು ಬರಬೇಕು, ಒಬ್ಬ ನರ್ಸಿಗೆ ಲೆಕ್ಕಕ್ಕೆ ಮೀರಿದ ರೋಗಿಗಳಿರಬಾರದು. ಇವು ಇಲ್ಲದಿದ್ದರೆ ಯಾವ ಅಕ್ಕನ ಪಾಠವೂ ವಾರ್ಡಿನ ಬಾಗಿಲು ದಾಟುವುದಿಲ್ಲ.

ನಮ್ಮ ಪಾಲಿನದೂ ಸ್ವಲ್ಪ ಇದೆ. ಊರಿಂದ ಬಂದವರ ಜೊತೆ ಆಸ್ಪತ್ರೆಗೆ ಹೋದಾಗ ಮಂಚದ ಮೇಲೆ ಕೂರಬೇಡಿ. ಡಬ್ಬಿ ತೆರೆದು ತುತ್ತು ಕೊಡುವ ಮೊದಲು, ಹಣೆ ಮುಟ್ಟಿ ನೋಡುವ ಮೊದಲು ಕೈ ತೊಳೆಯಿರಿ. ನೆಗಡಿ ಇದ್ದರೆ ಫೋನಿನಲ್ಲೇ ಮಾತಾಡಿಸಿ. ಬಾಟ್ಲಿ ಹಿಡಿದು ಮುಂದೆ ನಿಂತ ಚಿಕ್ಕ ಹುಡುಗಿ ಕಂಡರೆ, ಎಲ್ಲರಿಗಿಂತ ಮೊದಲು ನೀವೇ ಕೈ ಚಾಚಿ. ದೊಡ್ಡ ಡಾಕ್ಟರ ಮುಂದೆ ನಿಲ್ಲಲು ಅವಳಿಗೆ ಅದರಿಂದ ಸ್ವಲ್ಪ ಬಲ ಬರುತ್ತದೆ.