ವರದಿಗಾರನ ಗುಣ ಬರೆದು ಪಾಸಾದೆ, ವರದಿ ಬರೆಯೋಕೆ ಬರಲಿಲ್ಲ

ಹೋದ ವರ್ಷ ನಮ್ಮೂರಿಗೆ ಕೃಷಿ ಕಾಲೇಜಿನ ಹುಡುಗ ಹುಡುಗಿಯರು ಬಂದು ಉಳಿದಿದ್ದರು. ಬಿ.ಎಸ್ಸಿ. ಅಗ್ರಿ ಕೊನೆಯ ವರ್ಷದವರು. ದೇವಸ್ಥಾನದ ಮುಂದೆ ನೆಲ ಗುಡಿಸಿ, ರಂಗೋಲಿ ಪುಡಿಯಲ್ಲಿ ಇಡೀ ಊರಿನ ನಕ್ಷೆ ಬಿಡಿಸಿದರು. ಕೆರೆ ಎಲ್ಲಿ, ಬೋರ್‌ವೆಲ್ ಎಲ್ಲಿ, ಯಾವ ಕಡೆ ಕೆಂಪು ಮಣ್ಣು, ಎಲ್ಲವನ್ನೂ ಊರಿನವರನ್ನೇ ಕೇಳಿ ಹಾಕಿದರು. ಹಳ್ಳ ತಪ್ಪು ಕಡೆ ಹರಿಸಿದ್ದಕ್ಕೆ ನಮ್ಮಜ್ಜಿ ಬೈದು, ಅಳಿಸಿ ಮತ್ತೆ ಹಾಕಿಸಿದಳು.

ನೋಡೋಕೆ ಆಟದ ಹಾಗಿತ್ತು. ಆದರೆ ಅದು ಅವರ ಪರೀಕ್ಷೆ. ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಅದರ ಹೆಸರು. ಹಳ್ಳಿಯಲ್ಲಿದ್ದು ಮಾಡಿದ ಕೆಲಸಕ್ಕೆ ಅಂಕ ಬರುತ್ತದೆ, ಅದನ್ನು ಮುಗಿಸದೆ ಡಿಗ್ರಿ ಸಿಗುವುದಿಲ್ಲ.

ಆವತ್ತು ರಾತ್ರಿ ಊಟಕ್ಕೆ ಕೂತಾಗ ನಮ್ಮಪ್ಪ ಕೇಳಿದರು: "ನಿಮ್ಮ ಕಾಲೇಜಿನವ್ರು ನಿನ್ನ ಎಲ್ಲಿಗೆ ಕಳ್ಸಿದ್ರೋ?"

ಎಲ್ಲಿಗೂ ಕಳಿಸಿರಲಿಲ್ಲ. ನಾನು ಓದಿದ್ದು ಪತ್ರಿಕೋದ್ಯಮ. "ಉತ್ತಮ ವರದಿಗಾರನಿಗೆ ಇರಬೇಕಾದ ಗುಣಗಳನ್ನು ವಿವರಿಸಿ" ಎಂಬ ಪ್ರಶ್ನೆಗೆ ಹತ್ತು ಗುಣ ಬಾಯಿಪಾಠ ಮಾಡಿ ಬರೆದಿದ್ದೆ, ಒಳ್ಳೆಯ ಅಂಕವೇ ಬಂತು. ಪಾಸಾಗಿ ಒಂದು ಸಣ್ಣ ಪತ್ರಿಕೆ ಸೇರಿದೆ. ಮೊದಲ ದಿನವೇ ತಾಲ್ಲೂಕಿನ ಕೆಡಿಪಿ ಸಭೆಗೆ ಕಳಿಸಿದರು. ಮೂರು ಗಂಟೆ ಕೂತು ಬಂದು, "ಸಭೆ ನಡೆಯಿತು, ಶಾಸಕರು ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡರು" ಅಂತ ಬರೆದುಕೊಟ್ಟೆ. ಎಷ್ಟು ಊರಿಗೆ ಟ್ಯಾಂಕರ್ ನೀರು ಹೋಗ್ತಿದೆ, ಎಷ್ಟು ಬೋರ್ ಬತ್ತಿದೆ, ಬಿಲ್ ಯಾರಿಗೆ ಬಾಕಿ ಅಂತ ಸಂಪಾದಕರು ಕೇಳಿದರು. ನನ್ನ ನೋಟ್‌ಬುಕ್ಕಿನಲ್ಲಿ ಒಂದೂ ಇರಲಿಲ್ಲ. ಬೈಯಲಿಲ್ಲ ಅವರು, ಸುಮ್ಮನೆ ಹಾಳೆ ವಾಪಸ್ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಡಿಎಲ್ ಮಾಡಿಸೋಕೆ ಹೋದರೆ ಆರ್‌ಟಿಒ ಮೈದಾನದಲ್ಲಿ ಬೈಕಿನಲ್ಲಿ ಎಂಟು ಹಾಕಿಸುತ್ತಾರೆ. "ಒಳ್ಳೆಯ ಚಾಲಕನ ಗುಣಗಳನ್ನು ಬರೆ" ಅನ್ನೋದಿಲ್ಲ. (ಎಂಟು ಹಾಕದೆಯೂ ಡಿಎಲ್ ಸಿಗುತ್ತೆ ಅನ್ನೋದು ಬೇರೆ ಮಾತು.) ಕೆಲಸ ಬರುತ್ತದೋ ಇಲ್ಲವೋ ತಿಳಿಯಬೇಕಾದರೆ ಆ ಕೆಲಸವನ್ನೇ ಮಾಡಿಸಿ ನೋಡುವ ಈ ಪದ್ಧತಿಗೆ ಶಿಕ್ಷಣ ತಜ್ಞರು ಅಥೆಂಟಿಕ್ ಅಸೆಸ್‌ಮೆಂಟ್ ಅನ್ನುತ್ತಾರೆ. ನಾನು ಕೆಲಸದ ಪರೀಕ್ಷೆ ಅಂತೀನಿ. ಡಾಕ್ಟರ್ ಓದುವವರಿಗೆ ಇದು ಹೊಸದಲ್ಲ. ಎಂಬಿಬಿಎಸ್ ಕೊನೆಯ ಪರೀಕ್ಷೆಯಲ್ಲಿ ನಿಜವಾದ ರೋಗಿಯನ್ನು ಮಾತಾಡಿಸಿ, ಮುಟ್ಟಿ ನೋಡಿ, ಏನಾಗಿದೆ ಅಂತ ಹೇಳಬೇಕು. ಬಿಎ, ಬಿಕಾಂ ಮಕ್ಕಳಿಗೆ ಮಾತ್ರ ಯಾಕೆ ಬರೀ ಪೆನ್ನು?

ನನ್ನ ವಿಷಯದಲ್ಲೇ ಹೇಳ್ತೀನಿ. ಮಾಹಿತಿ ಹಕ್ಕು ಕಾಯ್ದೆ, 2005 ಬಗ್ಗೆ ಟಿಪ್ಪಣಿ ಬರೆಯಿರಿ ಅಂತ ಐದು ಅಂಕಕ್ಕೆ ಕೇಳುತ್ತಾರೆ. ಅದರ ಬದಲು ಸೆಮಿಸ್ಟರ್ ಶುರುವಿನಲ್ಲೇ, "ನಿಮ್ಮ ಪಂಚಾಯಿತಿಯ ಕುಡಿಯುವ ನೀರಿನ ಖರ್ಚಿನ ಬಗ್ಗೆ ಒಂದು ಅರ್ಜಿ ಹಾಕಿ, ಬಂದ ಉತ್ತರದ ಮೇಲೆ ಒಂದು ವರದಿ ಬರೆಯಿರಿ" ಅಂತ ಹೇಳಲಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಅಷ್ಟರಲ್ಲಿ ಪ್ರಶ್ನೆಯನ್ನು ನೆಟ್ಟಗೆ ಕೇಳುವುದೇ ಅರ್ಧ ಪರೀಕ್ಷೆ. 30 ದಿನಕ್ಕೆ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ. ಇಷ್ಟೆಲ್ಲ ಒಂದು ಸೆಮಿಸ್ಟರಿನೊಳಗೆ ಮಾಡಬಹುದು. ಪಿಡಿಒ "ನಿಂಗ್ಯಾಕಪ್ಪಾ ಇದು" ಅಂದಾಗ ಏನು ಉತ್ತರ ಕೊಡಬೇಕು ಅನ್ನೋದು ಯಾವ ಗೈಡಿನಲ್ಲೂ ಇಲ್ಲ. ಬಿಕಾಂ ಮಕ್ಕಳಿಗೆ ಊರಿನ ಡೇರಿ ಇದೆ. ಹಾಲಿನ ಅಳತೆ, ಫ್ಯಾಟು, ಬಟವಾಡೆ, ಫೀಡಿನ ಕಡಿತ ಸೇರಿಸಿ ಒಂದು ತಿಂಗಳ ಲೆಕ್ಕ ತಾಳೆ ಹಾಕಿ ತೋರಿಸಲಿ.

ಈಗಲೂ ಇಂಟರ್ನಲ್ ಇದೆಯಲ್ಲ, ಅಸೈನ್‌ಮೆಂಟ್ ಇದೆಯಲ್ಲ ಅನ್ನಬಹುದು. ಇದೆ. ನಮ್ಮ ಕಾಲದಲ್ಲಿ ಸೀನಿಯರ್‌ದು ನೋಡಿ ಬರೆಯುತ್ತಿದ್ದೆವು, ಈಗ ಫೋನಿಗೆ ಹೇಳಿದರೆ ಅದೇ ಬರೆದುಕೊಡುತ್ತೆ. ಪ್ರಾಜೆಕ್ಟ್ ಜೆರಾಕ್ಸ್ ಅಂಗಡಿಯಲ್ಲೇ ತಯಾರಾಗಿ ಸ್ಪೈರಲ್ ಬೈಂಡ್ ಆಗಿ ಬರುತ್ತದೆ. ಆದರೆ ನಮ್ಮೂರಿನ ಗ್ರಾಮಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಎದ್ದು ನಿಂತ ಹೆಂಗಸು ಏನು ಕೇಳಿದಳು ಅಂತ ಫೋನಿಗೆ ಗೊತ್ತಿಲ್ಲ.

ಒಂದು ಭಯ ಮಾತ್ರ ನನಗೂ ಇದೆ, ಅದನ್ನು ಮುಚ್ಚಿಡಲ್ಲ. ಸೆಮಿಸ್ಟರ್ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವವರಿಗೆ ನಮ್ಮ ಹೆಸರು ಕಾಣುವುದಿಲ್ಲ. ಯಾವ ಜಾತಿ, ಯಾರ ಮಗಳು ಅಂತ ಗೊತ್ತಾಗದೆ ಅಂಕ ಬೀಳುತ್ತದೆ. ಹಳ್ಳಿಯ ಎಷ್ಟೋ ಮಕ್ಕಳು ಮೇಲೆ ಬಂದದ್ದು ಆ ಮುಚ್ಚಿದ ಹೆಸರಿನಿಂದಲೇ. ಎದುರಿಗೆ ನಿಂತು ಕೆಲಸ ತೋರಿಸುವ ಪರೀಕ್ಷೆಯಲ್ಲಿ ಮೇಷ್ಟ್ರಿಗೆ ಬೇಕಾದವರಿಗೆ ಹೆಚ್ಚು, ಬೇಡದವರಿಗೆ ಕಮ್ಮಿ ಆಗುವುದು ಸುಲಭ. ಅದಕ್ಕೇ ಬರೆಯುವ ಪರೀಕ್ಷೆ ಪೂರ್ತಿ ತೆಗೆಯಬೇಕು ಅಂತ ನಾನು ಹೇಳುತ್ತಿಲ್ಲ. ಕೆಲಸದ ಪರೀಕ್ಷೆಯಲ್ಲಿ ಯಾವುದಕ್ಕೆ ಎಷ್ಟು ಅಂಕ ಅಂತ ಮೊದಲೇ ಗೋಡೆಗೆ ಅಂಟಿಸಲಿ. ಬೇರೆ ಕಾಲೇಜಿನವರೊಬ್ಬರು ಬಂದು ಕೂರಲಿ. ಮಾಡಿದ ಕೆಲಸವನ್ನು ಎಲ್ಲರೂ ನೋಡುವ ಹಾಗೆ ಇಡಲಿ. ರಂಗೋಲಿ ನಕ್ಷೆಯಲ್ಲಿ ಹಳ್ಳ ತಪ್ಪಿದ್ದು ಎಲ್ಲರಿಗೂ ಕಂಡಿತ್ತಲ್ಲ, ಹಾಗೆ.

ಇನ್ನು ಮೇಷ್ಟ್ರುಗಳ ಕಷ್ಟ. ಸರ್ಕಾರಿ ಡಿಗ್ರಿ ಕಾಲೇಜುಗಳಲ್ಲಿ ಪಾಠ ಬಹುಪಾಲು ಅತಿಥಿ ಉಪನ್ಯಾಸಕರ ಮೇಲೇ ನಿಂತಿದೆ. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದವರಿಗೆ ಅರವತ್ತು ಮಕ್ಕಳ ಹಿಂದೆ ಊರೂರು ಸುತ್ತಿ ಅನ್ನೋದು ನ್ಯಾಯ ಅಲ್ಲ. 2021ರಲ್ಲಿ ಎನ್‌ಇಪಿ ಅಂತ ನಾಲ್ಕು ವರ್ಷದ ಡಿಗ್ರಿ ತಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿಸಿದರು. ವರ್ಷ ಎಣಿಸುವುದರಲ್ಲಿ ತೋರಿಸಿದ ಉತ್ಸಾಹವನ್ನು ಮೇಷ್ಟ್ರುಗಳನ್ನು ಕಾಯಂ ಮಾಡುವುದರಲ್ಲಿ ತೋರಿಸಿದ್ದರೆ ಈ ಮಾತು ಬೇಗ ಮುಗಿಯುತ್ತಿತ್ತು.

ಬೆಂಗಳೂರಿನ ನನ್ನ ಗೆಳೆಯನೊಬ್ಬ ಓದುವಾಗಲೇ ಚಿಕ್ಕಪ್ಪನ ಪರಿಚಯದಿಂದ ಚಾನೆಲ್ಲೊಂದರಲ್ಲಿ ಎರಡು ಬೇಸಿಗೆ ಕೆಲಸ ಕಲಿತಿದ್ದ. ನನಗೆ ಅಂಥ ಚಿಕ್ಕಪ್ಪ ಇರಲಿಲ್ಲ. ನಮ್ಮಂಥವರಿಗೆ ತಪ್ಪು ಮಾಡಿ ಕಲಿಯೋಕೆ ಇದ್ದ ಒಂದೇ ಜಾಗ ಕಾಲೇಜು, ಅಲ್ಲಿ ಯಾರೂ ಕೆಲಸ ಕೇಳಲಿಲ್ಲ. ಕೇಳಿದ್ದು ಸಂಬಳ ಕೊಡುವವರು, ಮೊದಲ ದಿನ.

ನಿಮ್ಮ ಮನೆಯಲ್ಲಿ ಡಿಗ್ರಿ ಓದುವವರು ಇದ್ದರೆ ಹೋದ ಸೆಮಿಸ್ಟರಿನ ಪ್ರಶ್ನೆಪತ್ರಿಕೆ ತರಿಸಿ ನೋಡಿ. ವಿವರಿಸಿ, ಚರ್ಚಿಸಿ, ಟಿಪ್ಪಣಿ ಬರೆಯಿರಿ ಅನ್ನೋದು ಬಿಟ್ಟು ಬೇರೆ ಏನಾದರೂ ಕೇಳಿದ್ದಾರಾ ಅಂತ ಹುಡುಕಿ. ಸಿಕ್ಕರೆ ಫೋಟೋ ತೆಗೆದು ನಮಗೂ ಕಳಿಸಿ.