‘ಕೆಟ್ಟಿದೆ’ ಚೀಟಿ ಅಂಟಿಸುವ ಮುನ್ನ

ನಮ್ಮ ಲ್ಯಾಬ್‌ನ ಒಂದು ಕಂಪ್ಯೂಟರಿಗೆ ಮೂರು ವಾರದಿಂದ ‘ಕೀಬೋರ್ಡ್ ಕೆಟ್ಟಿದೆ’ ಎಂಬ ಚೀಟಿ ಅಂಟಿತ್ತು. ಉಳಿದವುಗಳ ಮುಂದೆ ನಾವು ಮೂವರು ಮೂವರು ಕೂರುತ್ತಿದ್ದೆವು.

ಮೊನ್ನೆ ಸರ್ ಅನುಮತಿ ಪಡೆದು ಅದನ್ನು ಆನ್ ಮಾಡಿದೆ. ಬಯಾಸ್ ಪರದೆಯಲ್ಲಿ ಕೀಲಿಗಳು ಚೆನ್ನಾಗಿಯೇ ಓಡಿದವು. ವಿಂಡೋಸ್ ತೆರೆದ ಮೇಲೆ ಮಾತ್ರ ಒಂದಕ್ಷರವೂ ಮೂಡಲಿಲ್ಲ. ಹಾಗಾದರೆ ತಪ್ಪು ಕೀಬೋರ್ಡಿನದಲ್ಲ! ಬಲಗಡೆಯ ಶಿಫ್ಟ್ ಕೀಲಿಯನ್ನು 8 ಸೆಕೆಂಡ್ ಒತ್ತಿ ಹಿಡಿದರೆ ‘ಫಿಲ್ಟರ್ ಕೀಸ್’ ಬೇಕೇ ಎಂದು ವಿಂಡೋಸ್ ಕೇಳುತ್ತದೆ. ಯಾರೋ ಓದದೆ ‘ಯೆಸ್’ ಒತ್ತಿರಬೇಕು. ಆಮೇಲೆ ಬೇಗ ಒತ್ತಿ ಬಿಟ್ಟ ಕೀಲಿಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೌಸ್‌ನಿಂದ ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿದೆ, ಸರಿಯಾಯಿತು. ಹೊಸ ಕೀಬೋರ್ಡ್ ತಂದಿದ್ದರೆ ಅದೂ ‘ಕೆಟ್ಟೇ’ ಇರುತ್ತಿತ್ತು.

ನನ್ನ ಅಭಿಪ್ರಾಯ ಇಷ್ಟೇ: ಚೀಟಿಯಲ್ಲಿ ‘ಕೆಟ್ಟಿದೆ’ ಎಂದಷ್ಟೇ ಬೇಡ, ಏನೇನು ನೋಡಿದೆವು ಎಂಬುದನ್ನೂ ಬರೆಯೋಣ.